ಎಡೆದೊರೆ ನಾಡಿನ ಹಿಂಡು ಮತ್ತು ಹೊಲ: ಕುರಿಗಾಹಿಕೆಯ ಉಳಿವಿನ ಪ್ರಶ್ನೆ

೧. ಪ್ರಸ್ತಾವನೆ

ಪಶುಪಾಲನೆಯ ವಿಚಾರವಾಗಿ ನಮ್ಮಲ್ಲಿ ಎರಡು ಬಗೆಯ ಅಭಿಪ್ರಾಯಗಳು ಬೇರೂರಿವೆ. ಬೇಟೆಯ ಕಾಲದ ಅನಂತರ ಪಶುಪಾಲನೆಯೂ ಅದರ ಅನಂತರ ವ್ಯವಸಾಯವೂ ಬಂದುವೆಂದು ತಿಳಿದು, ಇಂದಿನ ಕುರಿಗಾಹಿಗಳನ್ನು ಕಳೆದುಹೋದ ಯುಗದ ಅವಶೇಷವೆಂದು ಬಗೆಯುವುದು ಒಂದು. ಊರಿಂದೂರಿಗೆ ಸಂಚರಿಸುವ ಅವರ ಬಾಳು ಸ್ವಚ್ಛಂದವಾದುದೆಂದು ಹೊಗಳಿ, ಅದು ಅಳಿಯುತ್ತಿದೆಯೆಂದು ಮರುಗುವುದು ಮತ್ತೊಂದು. ಈ ಎರಡು ಅಭಿಪ್ರಾಯಗಳೂ ಒಂದು ಮುಖ್ಯವಾದ ಸಂಗತಿಯನ್ನು ಮರೆಮಾಡುತ್ತವೆ. ದಖ್ಖನಿನ ಬಯಲಿನಲ್ಲಿ ಕುರಿಗಾಹಿಕೆಯು ವ್ಯವಸಾಯಕ್ಕಿಂತ ಹಿಂದಿನ ಹಂತವೂ ಅಲ್ಲ, ಅದರ ಹೊರಗೆ ನಿಂತ ಕಸುಬೂ ಅಲ್ಲ. ಅದು ಹೊಲದೊಡನೆ ಮಾಡಿಕೊಂಡ ಒಂದು ಒಡಂಬಡಿಕೆಯ ಮೇಲೆ ನಿಂತಿದೆ. ಆ ಒಡಂಬಡಿಕೆ ಎಲ್ಲಿಯವರೆಗೆ ನಡೆಯುವುದೋ ಅಲ್ಲಿಯವರೆಗೆ ಕುರಿಗಾಹಿಕೆಯೂ ನಡೆಯುವುದು. ಈ ಮಾತನ್ನು ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಸೀಮೆಯನ್ನು, ಅದರಲ್ಲಿಯೂ ಬಳಗಾನೂರಿನ ಸುತ್ತಣ ಪ್ರದೇಶವನ್ನು ಗಮನದಲ್ಲಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

ಮೊದಲಿಗೆ ಒಂದು ವೈಚಿತ್ರ್ಯವನ್ನು ಗುರುತಿಸಬೇಕು. ಹಿಮಾಲಯದ ಎತ್ತರದ ಸೀಮೆಗಳಲ್ಲಿ ಯಾಕ್ ಎಂದರೆ ಚಮರೀಮೃಗವನ್ನು ಸಾಕುವ ಜನರ ಕಸುಬು ಕುಗ್ಗುತ್ತಿರುವುದು ಅಂಕಿಗಳಲ್ಲಿಯೇ ಕಾಣುತ್ತದೆ. ೨೦೧೨ರಲ್ಲಿ ಭಾರತದಲ್ಲಿ ಸುಮಾರು ೭೭,೦೦೦ ಇದ್ದ ಯಾಕುಗಳು ೨೦೧೯ರ ಜಾನುವಾರು ಗಣತಿಯ ವೇಳೆಗೆ ಸುಮಾರು ೫೮,೦೦೦ಕ್ಕೆ ಇಳಿದಿದ್ದುವು. ಕರ್ನಾಟಕದ ಕುರಿಗಳ ವಿಷಯ ಇದಕ್ಕೆ ವಿರುದ್ಧವಾದುದು. ೨೦೧೨ರಲ್ಲಿ ಸುಮಾರು ೯೬ ಲಕ್ಷವಿದ್ದ ಕುರಿಗಳು ೨೦೧೯ರಲ್ಲಿ ಸುಮಾರು ೧ ಕೋಟಿ ೧೧ ಲಕ್ಷವಾದುವು. ತೆಲಂಗಾಣ, ಆಂಧ್ರಪ್ರದೇಶಗಳನ್ನು ಬಿಟ್ಟರೆ ಇಷ್ಟು ಕುರಿಗಳು ಭಾರತದ ಇನ್ನಾವ ರಾಜ್ಯದಲ್ಲಿಯೂ ಆ ಗಣತಿಯಲ್ಲಿ ಕಂಡುಬರಲಿಲ್ಲ. ಆದರೂ ಹಿಂಡಿನೊಡನೆ ಸಂಚರಿಸುವ ಕುರಿಗಾಹಿಯ ದಾರಿ ದಿನದಿನಕ್ಕೆ ಇಕ್ಕಟ್ಟಾಗುತ್ತಿದೆ. ಮಾಂಸದ ಬೆಲೆ ಏರಿದುದರಿಂದ ಕುರಿಗಳ ಸಂಖ್ಯೆ ಬೆಳೆಯಬಹುದು. ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕಿ ಕೊಬ್ಬಿಸಿದ ಕುರಿಯನ್ನೂ ಗಣತಿಯು ಕುರಿಯೆಂದೇ ಎಣಿಸುತ್ತದೆ. ಆದುದರಿಂದ ಪ್ರಾಣಿ ಉಳಿಯುವುದು ಬೇರೆ, ಕಸುಬು ಉಳಿಯುವುದು ಬೇರೆ ಎಂಬ ಭೇದವನ್ನು ನಾವು ಆರಂಭದಲ್ಲಿಯೇ ಮಾಡಿಕೊಳ್ಳಬೇಕಾಗಿದೆ.

೨. ನೆಲ, ಮಳೆ ಮತ್ತು ಸಂಚಾರ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಈ ಪ್ರದೇಶವನ್ನು ಪ್ರಾಚೀನ ಶಾಸನಗಳು ಎಡೆದೊರೆ ಎಂದು ಕರೆದಿವೆ. ಎರಡು ತೊರೆಗಳ ಎಡೆಯಲ್ಲಿದ್ದುದರಿಂದ ಈ ಹೆಸರು ಬಂದಿತು. ಅನಂತರದ ಕಾಲದಲ್ಲಿ ಇದು ರಾಯಚೂರು ದೋಆಬ್ ಎಂದು ಹೆಸರಾಯಿತು. ಎರಡು ದೊಡ್ಡ ನದಿಗಳ ನಡುವೆ ಇದ್ದರೂ ಇದು ಮಳೆ ಕಡಮೆಯಾದ ನಾಡು. ವರ್ಷಕ್ಕೆ ಸ್ಥೂಲವಾಗಿ ೬೦೦ ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ, ಅದೂ ಎಲ್ಲ ವರ್ಷಗಳಲ್ಲಿ ಒಂದೇ ಸಮನಾಗಿ ಬೀಳುವುದಿಲ್ಲ. ಸಿಂಧನೂರಿನ ಕಡೆಗೆ ಎರೆಭೂಮಿಯ ಬಯಲು ಹರಡಿಕೊಂಡಿದೆ. ಲಿಂಗಸುಗೂರು, ಮಸ್ಕಿಗಳ ಕಡೆಗೆ ಕೆಂಪು ಮಸಾರಿ ನೆಲವೂ ಬಂಡೆಗಳಿಂದ ಕೂಡಿದ ಗುಡ್ಡಗಳೂ ಹೆಚ್ಚು. ಬಳಗಾನೂರಿನ ಸುತ್ತಮುತ್ತ ಸಂಚರಿಸುವ ಹಿಂಡಿಗೆ ಈ ಎರಡು ಬಗೆಯ ನೆಲಗಳೂ ದೂರವಲ್ಲ.

ಹಿಮಾಲಯದ ಪಶುಪಾಲಕನ ಸಂಚಾರವು ಎತ್ತರವನ್ನು ಅನುಸರಿಸುತ್ತದೆ. ಬೇಸಗೆಯಲ್ಲಿ ಮೇಲಣ ಹುಲ್ಲುಗಾವಲಿಗೆ ಏರುವುದು, ಚಳಿಗಾಲದಲ್ಲಿ ಕೆಳಗಣ ಕಣಿವೆಗೆ ಇಳಿಯುವುದು ಅವನ ಕ್ರಮ. ದಖ್ಖನಿನ ಬಯಲಿನಲ್ಲಿ ಅಂತಹ ಎತ್ತರ ಇಳಿಜಾರುಗಳಿಲ್ಲ. ಇಲ್ಲಿ ಹಿಂಡನ್ನು ನಡೆಸುವುದು ಮಣ್ಣಿನ ಬಣ್ಣ ಮತ್ತು ಬೆಳೆಯ ಕಾಲ. ಮಳೆಗಾಲದಲ್ಲಿ ಎರೆಭೂಮಿ ಕೆಸರಾಗಿ ಕಾಲಿಗೆ ಅಂಟಿಕೊಳ್ಳುತ್ತದೆ. ಕುರಿಗಳಿಗೆ ಗೊರಸು ಕೊಳೆಯುವ ರೋಗ ತಗಲುತ್ತದೆ. ಅದೇ ಕಾಲದಲ್ಲಿ ಮಸಾರಿ ಹೊಲಗಳಲ್ಲಿ ಮುಂಗಾರು ಬೆಳೆ ನಿಂತಿರುತ್ತದೆ. ಆದುದರಿಂದ ಆಗ ಹಿಂಡುಗಳು ನೀರು ನಿಲ್ಲದ ಗುಡ್ಡಗಳನ್ನೂ ಬೀಳು ನೆಲವನ್ನೂ ಆಶ್ರಯಿಸಬೇಕಾಗುತ್ತದೆ. ಮುಂಗಾರು ಬೆಳೆ ಕೊಯ್ದ ಮೇಲೆ ಮಸಾರಿ ಹೊಲಗಳು ತೆರೆಯುತ್ತವೆ. ಹಿಂಗಾರು ಜೋಳ ಕೊಯ್ದ ಮೇಲೆ ಎರೆಹೊಲಗಳು ತೆರೆಯುತ್ತವೆ. ಬೇಸಗೆಯಲ್ಲಿ ಬಯಲೆಲ್ಲ ಒಣಗಿದಾಗ ನೀರಿರುವ ಕಡೆಗೆ ಹಿಂಡು ಸಾಗುತ್ತದೆ. ಹೀಗೆ ವರ್ಷದ ಒಂದೊಂದು ಭಾಗದಲ್ಲಿ ಒಂದೊಂದು ನೆಲವು ಹಿಂಡಿಗೆ ಆಹಾರವನ್ನೊದಗಿಸುತ್ತದೆ. ಯಾವುದೊಂದು ನೆಲವೂ ವರ್ಷವಿಡೀ ಅದನ್ನು ಪೋಷಿಸಲಾರದು. ಕುರಿಗಾಹಿ ಒಂದೆಡೆ ನಿಲ್ಲದಿರುವುದು ಅಲೆಮಾರಿತನದ ಚಪಲದಿಂದಲ್ಲ; ಇಂತಹ ನೆಲದಲ್ಲಿ ಹೆಚ್ಚು ಪ್ರಾಣಿಗಳನ್ನು ಸಾಕುವ ಮಾರ್ಗವೇ ಅದು.

ಈ ನೆಲಕ್ಕೆ ಹೊಂದಿಕೊಂಡ ಕುರಿಯೂ ಇಲ್ಲಿದೆ. ಕೆಂಗುರಿ ಎಂಬ ತಳಿಯ ಮೂಲ ನೆಲೆಯನ್ನು ಪಶುತಳಿಗಳ ವಿವರಣೆಗಳಲ್ಲಿ ಲಿಂಗಸುಗೂರು, ಸಿಂಧನೂರು, ಗಂಗಾವತಿ ತಾಲ್ಲೂಕುಗಳ ಗುಡ್ಡಗಾಡು ಎಂದು ಹೇಳಲಾಗಿದೆ. ಗಂಗಾವತಿಯು ೧೯೯೭ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದಿತು. ಆ ವರ್ಷ ಕೊಪ್ಪಳ ಜಿಲ್ಲೆ ಏರ್ಪಟ್ಟಿತು. ಹೆಸರೇ ಸೂಚಿಸುವಂತೆ ಈ ಕುರಿಯ ಮೈಬಣ್ಣ ಸಾಮಾನ್ಯವಾಗಿ ಕಂದುಗೆಂಪು. ಇದನ್ನು ಮುಖ್ಯವಾಗಿ ಮಾಂಸಕ್ಕಾಗಿ ಸಾಕುತ್ತಾರೆ. ದಖ್ಖನಿ ಮತ್ತು ಬಳ್ಳಾರಿ ಎಂಬ ತಳಿಗಳು ಹೆಚ್ಚಾಗಿ ಕರಿಯ, ಒರಟಾದ ಉಣ್ಣೆಯುಳ್ಳವು. ಕಂಬಳಿಗೆ ಒದಗುವುದು ಇವುಗಳ ಉಣ್ಣೆ. ಬಿಸಿಲು, ದೂರದ ನಡಿಗೆ, ಒಣ ಮೇವು ಈ ಮೂರನ್ನೂ ತಡೆದುಕೊಳ್ಳುವ ಶಕ್ತಿ ಈ ತಳಿಗಳಿಗೆ ಬಂದುದು ಶತಶತಮಾನಗಳ ಸಂಚಾರದಿಂದಲೇ. ಆದುದರಿಂದ ಸಂಚಾರವನ್ನು ನಿಲ್ಲಿಸಿ ತಳಿಯನ್ನು ಮಾತ್ರ ಉಳಿಸಿಕೊಳ್ಳುವೆವೆಂಬುದು ಸುಲಭವಾಗಿ ಕೈಗೂಡುವ ಮಾತಲ್ಲ.

೩. ಬೂದಿದಿಬ್ಬಗಳ ಸಾಕ್ಷ್ಯ

ಈ ನಾಡಿನಲ್ಲಿ ಪಶುಪಾಲನೆ ಎಷ್ಟು ಹಳೆಯದೆಂಬುದಕ್ಕೆ ಬೂದಿದಿಬ್ಬಗಳು ಸಾಕ್ಷಿಯಾಗಿವೆ. ಬಳ್ಳಾರಿ ಸೀಮೆಯ ಕುಡತಿನಿ, ಕುಪ್ಪಗಲ್ಲು ಮುಂತಾದೆಡೆಗಳಲ್ಲಿಯೂ ರಾಯಚೂರು ಸೀಮೆಯಲ್ಲಿಯೂ ಕಂಡುಬರುವ ಈ ದೊಡ್ಡ ಬೂದಿಯ ರಾಶಿಗಳನ್ನು ಹಿಂದಿನವರು ರಾಕ್ಷಸರ ದಹನದ ಸ್ಥಳಗಳೆಂದು ನಂಬಿದ್ದರು. ಜ್ವಾಲಾಮುಖಿಯ ಬೂದಿಯೆಂದು ಊಹಿಸಿದವರೂ ಇದ್ದರು. ರಾಬರ್ಟ್ ಬ್ರೂಸ್ ಫೂಟರು ಇವುಗಳನ್ನು ಶಿಲಾಯುಗದ ದನಗಾಹಿಗಳಿಗೆ ಸಂಬಂಧಿಸಿದುವೆಂದು ಗುರುತಿಸಿದರು. ಎಫ್. ಆರ್. ಆಲ್ಚಿನ್ನರು ೧೯೫೨ರಲ್ಲಿ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿಯೂ, ೧೯೫೭ರಲ್ಲಿ ಈಗ ತೆಲಂಗಾಣದಲ್ಲಿರುವ ಉತನೂರಿನಲ್ಲಿಯೂ ಉತ್ಖನನ ನಡೆಸಿದರು. ಉತನೂರಿನಲ್ಲಿ ಮರದ ಕಂಬಗಳ ಬೇಲಿಯ ಗುರುತುಗಳೂ, ಅದರೊಳಗೆ ದನಗಳ ಗೊರಸಿನ ಹೆಜ್ಜೆಗಳೂ ದೊರೆತುವು. ದೊಡ್ಡಿಯಲ್ಲಿ ಸಂಗ್ರಹವಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಈ ದಿಬ್ಬಗಳು ಬೆಳೆದುವೆಂಬುದು ಇದರಿಂದ ಸ್ಥಿರಪಟ್ಟಿತು.

ಇಲ್ಲಿ ಅಭ್ಯಾಸಿಗಳು ಎರಡು ಎಚ್ಚರಿಕೆಗಳನ್ನು ವಹಿಸಬೇಕು. ಮೊದಲನೆಯದಾಗಿ, ಬೂದಿದಿಬ್ಬಗಳ ಜನ ಮುಖ್ಯವಾಗಿ ದನಗಾಹಿಗಳು. ಕುರಿ ಆಡುಗಳ ಎಲುಬುಗಳು ನವಶಿಲಾಯುಗದ ನೆಲೆಗಳಲ್ಲಿ ದೊರೆತಿದ್ದರೂ ದನದ ಎಲುಬುಗಳೇ ಹೆಚ್ಚು. ಆದುದರಿಂದ ಇಂದಿನ ಕುರುಬರನ್ನು ನೇರವಾಗಿ ಬೂದಿದಿಬ್ಬಗಳ ಜನರ ವಂಶಸ್ಥರೆಂದು ಹೇಳುವುದಕ್ಕೆ ಆಧಾರವಿಲ್ಲ. ಲಿಂಗಸುಗೂರು ತಾಲ್ಲೂಕಿನಲ್ಲಿ ಚಿನ್ನದ ಗಣಿಯಿಂದ ಪ್ರಸಿದ್ಧವಾದ ಊರಿನ ಹೆಸರು ಹಟ್ಟಿ. ಹಟ್ಟಿಯೆಂದರೆ ದನಕುರಿಗಳ ನೆಲೆಯೆಂಬ ಅರ್ಥವೂ ಕನ್ನಡದಲ್ಲಿ ಉಂಟು. ಆದರೆ ಹೆಸರಿನ ಸಾಮ್ಯವೊಂದರಿಂದ ಇತಿಹಾಸವನ್ನು ಕಟ್ಟಲಾಗದು.

ಎರಡನೆಯ ಎಚ್ಚರಿಕೆ ಇನ್ನೂ ಮುಖ್ಯವಾದುದು. ಈ ಜನರು ಬರಿಯ ಪಶುಪಾಲಕರಾಗಿರಲಿಲ್ಲ. ಕೆ. ಪದ್ದಯ್ಯನವರು ಇಂದಿನ ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲಿ ನಡೆಸಿದ ಉತ್ಖನನದಿಂದ ದನದ ದೊಡ್ಡಿಯ ಪಕ್ಕದಲ್ಲಿಯೇ ಜನವಸತಿಯೂ ಇದ್ದಿತೆಂದು ತಿಳಿದುಬಂದಿತು. ದಕ್ಷಿಣದ ನವಶಿಲಾಯುಗದ ಕಾಲ ಸುಮಾರು ಕ್ರಿ. ಪೂ. ೩೦೦೦ದಿಂದ ೧೨೦೦. ಆ ಕಾಲದ ನೆಲೆಗಳಲ್ಲಿ ದೊರೆತ ಕರಕಾದ ಕಾಳುಗಳನ್ನು ಪರೀಕ್ಷಿಸಿದ ವಿದ್ವಾಂಸರು ಹುರುಳಿ, ಹೆಸರು, ಕೊರಲೆ ಮೊದಲಾದುವನ್ನು ಗುರುತಿಸಿದ್ದಾರೆ. ಇದರಿಂದ ಹೊಲವೂ ಹಿಂಡೂ ಈ ನಾಡಿನಲ್ಲಿ ನವಶಿಲಾಯುಗದಿಂದಲೇ ಜೊತೆಯಾಗಿ ಬಂದುವೆಂದು ತಿಳಿಯುತ್ತದೆ. ಮೊದಲು ಪಶುಪಾಲನೆ, ಆಮೇಲೆ ವ್ಯವಸಾಯ ಎಂಬ ಮೆಟ್ಟಿಲುಗಳ ಸಿದ್ಧಾಂತವು ಇಲ್ಲಿಯ ಸಾಕ್ಷ್ಯಕ್ಕೆ ಹೊಂದುವುದಿಲ್ಲ. ಮಸ್ಕಿಯಲ್ಲಿ ೧೯೫೪ರಲ್ಲಿ ಬಿ. ಕೆ. ಥಾಪರ್ ಅವರು ನಡೆಸಿದ ಉತ್ಖನನವು ನವಶಿಲಾ-ತಾಮ್ರಯುಗದಿಂದ ಬೃಹತ್ ಶಿಲಾಯುಗವನ್ನು ದಾಟಿ ಇತಿಹಾಸದ ಆರಂಭಕಾಲದವರೆಗೆ ಜನವಸತಿ ಒಂದೆಡೆಯಲ್ಲಿಯೇ ನಡೆದುದನ್ನು ತೋರಿಸಿತು. ೧೯೧೫ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಅಶೋಕನ ಹೆಸರನ್ನು ಹೊತ್ತ ಶಾಸನವನ್ನು ಕಂಡುಹಿಡಿದ ಊರೂ ಇದೇ. ಸಾಮ್ರಾಜ್ಯದ ಆಜ್ಞೆ ಕಲ್ಲಿನ ಮೇಲೆ ಮೂಡಿದ ಕಾಲಕ್ಕೆ ಈ ಸೀಮೆಯ ಪಶುಪಾಲನೆಗೆ ಆಗಲೇ ಸಾವಿರಾರು ವರ್ಷಗಳ ವಯಸ್ಸಾಗಿದ್ದಿತು.

೪. ತೆರಿಗೆ, ಯುದ್ಧ ಮತ್ತು ದೈವ

ಮಧ್ಯಯುಗದಲ್ಲಿ ಪಶುಸಂಪತ್ತು ರಾಜ್ಯದ ಗಣನೆಗೆ ಬಂದುದನ್ನು ಎರಡು ಬಗೆಯ ಕಲ್ಲುಗಳಿಂದ ತಿಳಿಯುತ್ತೇವೆ. ತುರುಗಳನ್ನು ಕಾಪಾಡುವಾಗ ಮಡಿದವರ ವೀರಗಲ್ಲುಗಳು ಕರ್ನಾಟಕದಾದ್ಯಂತ ಇವೆ. ಶಾಸನಗಳ ತೆರಿಗೆಯ ಪಟ್ಟಿಗಳಲ್ಲಿ ಮಗ್ಗ, ಗಾಣಗಳ ಮೇಲಿನ ತೆರಿಗೆಗಳೊಡನೆ ಕುರಿಗಳ ಮೇಲಿನ ತೆರಿಗೆಯೂ ಬರುವುದುಂಟು. ತೆರಿಗೆ ವಿಧಿಸಿದ ರಾಜ್ಯವು ಹಿಂಡಿನ ಮೇವನ್ನೂ ಒಪ್ಪಿಕೊಂಡಂತಾಯಿತೆಂಬುದನ್ನು ಗಮನಿಸಬೇಕು.

ರಾಯಚೂರು ದೋಆಬಿನ ವಿಷಯದಲ್ಲಿ ಯುದ್ಧಗಳೂ ಒಂದು ಕಾರಣವಾದುವೆಂದು ಊಹಿಸಬಹುದಾಗಿದೆ. ವಿಜಯನಗರ ಮತ್ತು ಬಹಮನಿ ರಾಜ್ಯಗಳು ಈ ಫಲವತ್ತಾದ ಗಡಿನಾಡಿಗಾಗಿ ಪದೇಪದೇ ಹೋರಾಡಿದುವು. ೧೫೨೦ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನು ಬಿಜಾಪುರದ ಸುಲ್ತಾನನನ್ನು ಸೋಲಿಸಿದುದು ಎಲ್ಲರಿಗೂ ತಿಳಿದಿರುವ ವಿಷಯ. ನಿಂತ ಬೆಳೆಯನ್ನು ದಂಡು ಸೂರೆಮಾಡಬಹುದು; ನಡೆಯುವ ಸಂಪತ್ತನ್ನು ಗುಡ್ಡಕ್ಕೆ ಅಟ್ಟಿಕೊಂಡು ಹೋಗಿ ಉಳಿಸಿಕೊಳ್ಳಬಹುದು. ಬರಗಾಲದಲ್ಲಿಯೂ ಹೀಗೆಯೇ: ಮಳೆ ಹೋದ ಸೀಮೆಯನ್ನು ಹೊಲ ಬಿಟ್ಟು ಹೋಗಲಾರದು, ಹಿಂಡು ಹೋಗಬಲ್ಲುದು.

ಸಂಚಾರದ ಜಾಡನ್ನು ದೈವಗಳ ಹಬ್ಬುಗೆಯಲ್ಲಿ ಇಂದಿಗೂ ಕಾಣಬಹುದು. ಹಾಲುಮತದವರು ಭಕ್ತಿಯಿಂದ ನಡೆದುಕೊಳ್ಳುವ ಬೀರಪ್ಪನು ಮಹಾರಾಷ್ಟ್ರದ ಧನಗರರಲ್ಲಿ ಬಿರೋಬಾ ಆಗಿದ್ದಾನೆ. ಮೈಲಾರಲಿಂಗನು ಅಲ್ಲಿ ಖಂಡೋಬಾ, ತೆಲುಗು ಸೀಮೆಯಲ್ಲಿ ಮಲ್ಲಣ್ಣ. ಜರ್ಮನಿಯ ವಿದ್ವಾಂಸ ಗುಂಥರ್ ಸೋಂಥೈಮರ್ ಅವರು ೧೯೭೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪಶುಪಾಲಕರ ಈ ದೈವಗಳನ್ನು ವಿಸ್ತಾರವಾಗಿ ಅಭ್ಯಸಿಸಿದರು. ಕನ್ನಡ, ಮರಾಠಿ, ತೆಲುಗು ಎಂಬ ಭಾಷೆಯ ಗಡಿಗಳು ಹಿಂಡಿಗೆ ಗಡಿಗಳಾಗಿರಲಿಲ್ಲವೆಂಬುದಕ್ಕೆ ಈ ದೈವಗಳಿಗಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ಕುರುಬರಲ್ಲಿ ಮದುವೆಯ ಕಂಕಣವನ್ನು ಉಣ್ಣೆಯ ದಾರದಿಂದ ಕಟ್ಟುವವರು ಉಣ್ಣೆಕಂಕಣದವರೆಂದೂ, ಹತ್ತಿಯ ದಾರದಿಂದ ಕಟ್ಟುವವರು ಹತ್ತಿಕಂಕಣದವರೆಂದೂ ಎರಡು ಪಂಗಡಗಳಿವೆ. ಹಿಂಡಿನ ಉಣ್ಣೆ ಮತ್ತು ಹೊಲದ ಹತ್ತಿ ಒಂದೇ ಸಮಾಜದೊಳಗೆ ಹೀಗೆ ಗುರುತುಗಳಾಗಿ ನಿಂತಿರುವುದು ಗಮನಾರ್ಹವಾಗಿದೆ.

೫. ಹೊಲದೊಡನೆ ಒಡಂಬಡಿಕೆ

ಈಗ ನಮ್ಮ ವಿಷಯದ ತಿರುಳಿಗೆ ಬರೋಣ. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಉಳಿಯುವ ಕೂಳೆ, ಉದುರಿದ ಎಲೆ, ಬದುವಿನ ಹುಲ್ಲು ಇವು ರೈತನಿಗೆ ಹೆಚ್ಚಿನ ಉಪಯೋಗಕ್ಕೆ ಬಾರದವು. ಹಿಂಡಿಗೆ ಅವೇ ಆಹಾರ. ಹಿಂಡಿನ ಹಿಕ್ಕೆ ಮತ್ತು ಗಂಜಲ ಕುರಿಗಾಹಿಗೆ ಹೊತ್ತೊಯ್ಯಲಾಗದ ವಸ್ತುಗಳು. ಹೊಲಕ್ಕೆ ಅವೇ ಸಾರ. ಈ ಎರಡು ಅಗತ್ಯಗಳು ಸಂಧಿಸುವ ಪದ್ಧತಿಯೇ ಹೊಲದಲ್ಲಿ ಕುರಿ ತರುಬುವುದು, ಎಂದರೆ ಹಿಂಡನ್ನು ರಾತ್ರಿಯ ವೇಳೆ ಒಬ್ಬನ ಹೊಲದಲ್ಲಿ ನಿಲ್ಲಿಸುವುದು.

ಇದರ ಕ್ರಮ ಸರಳವಾಗಿ ಕಂಡರೂ ವಿವೇಕದಿಂದ ಕೂಡಿದುದು. ಹಲವು ಮನೆತನಗಳ ಕುರಿಗಳು ಕೂಡಿ ದೊಡ್ಡ ಹಿಂಡಾಗುತ್ತವೆ. ಹಗಲಲ್ಲಿ ಕೂಳೆಯನ್ನು ಮೇಯ್ದ ಹಿಂಡನ್ನು ಸಂಜೆ ಬಲೆಯ ಬೇಲಿಯೊಳಗೆ ಕೂಡುತ್ತಾರೆ. ಒಂದೆರಡು ರಾತ್ರಿಗಳಾದ ಮೇಲೆ ಬೇಲಿಯನ್ನು ಪಕ್ಕದ ನೆಲಕ್ಕೆ ಸರಿಸುತ್ತಾರೆ. ಹೀಗೆ ಹೊಲದ ಎಲ್ಲ ಭಾಗಕ್ಕೂ ಗೊಬ್ಬರ ಸಮನಾಗಿ ಬೀಳುತ್ತದೆ. ಕೊಟ್ಟಿಗೆಯಿಂದ ಗೊಬ್ಬರವನ್ನು ಬಂಡಿಯಲ್ಲಿ ಸಾಗಿಸುವ ಶ್ರಮ ಇಲ್ಲಿಲ್ಲ. ಗಂಜಲವೂ ವ್ಯರ್ಥವಾಗದೆ ನೇರವಾಗಿ ಮಣ್ಣಿಗೆ ಸೇರುತ್ತದೆ. ಕುರಿಯ ಹಿಕ್ಕೆಯಲ್ಲಿ ದನದ ಸಗಣಿಗಿಂತ ಸಾರಜನಕದ ಅಂಶ ಹೆಚ್ಚು. ಹಿಂಡು ಎದ್ದ ಮೇಲೆ ತಡಮಾಡದೆ ಉತ್ತರೆ ಈ ಸಾರ ಬಿಸಿಲಿಗೆ ಒಣಗಿ ಹೋಗದೆ ಮಣ್ಣಿನಲ್ಲಿ ಬೆರೆಯುತ್ತದೆ. ರೈತನು ಇದಕ್ಕೆ ಪ್ರತಿಯಾಗಿ ಹಿಂದಿನ ಕಾಲದಲ್ಲಿ ಜೋಳವನ್ನೂ ಕುರಿಗಾಹಿಗಳಿಗೆ ಊಟವನ್ನೂ ಕೊಡುತ್ತಿದ್ದನು. ಇತ್ತೀಚೆಗೆ ಹಣವೇ ಹೆಚ್ಚಾಗಿದೆ. ರಾತ್ರಿಗಳ ಮತ್ತು ಕುರಿಗಳ ಲೆಕ್ಕದ ಮೇಲೆ ಅದು ಗೊತ್ತಾಗುತ್ತದೆ.

ಈ ಒಡಂಬಡಿಕೆಗೆ ಪತ್ರವಿಲ್ಲ, ಸಾಕ್ಷಿಯ ರುಜುವಿಲ್ಲ. ಪರಿಚಯ ಮತ್ತು ವಿಶ್ವಾಸಗಳೇ ಅದರ ಆಧಾರ. ಕಳೆದ ವರ್ಷ ಬಂದ ಹಿಂಡಿನವರು ಈ ವರ್ಷವೂ ಬರುವರೆಂಬ ನಂಬಿಕೆಯ ಮೇಲೆ ರೈತನು ತನ್ನ ಹೊಲದ ಗೊಬ್ಬರದ ಲೆಕ್ಕವನ್ನು ಹಾಕುತ್ತಿದ್ದನು. ಕೂಳೆ ದೊರೆಯುವುದೆಂಬ ನಂಬಿಕೆಯ ಮೇಲೆ ಕುರಿಗಾಹಿ ತನ್ನ ದಾರಿಯನ್ನು ಗೊತ್ತುಮಾಡುತ್ತಿದ್ದನು. ಇದರ ಜೊತೆಗೆ ಬರಹದಲ್ಲಿ ಸೇರದ ಜ್ಞಾನವೂ ಇದ್ದಿತು. ಕೊಯ್ದ ಜೋಳದ ಬುಡದಿಂದ ಹೊಸದಾಗಿ ಒಡೆದ ಎಳೆಯ ಚಿಗುರು ಕುರಿಗೆ ವಿಷವಾಗಬಹುದೆಂಬುದು, ಯಾವ ಹಳ್ಳದಲ್ಲಿ ಯಾವ ತಿಂಗಳವರೆಗೆ ನೀರು ನಿಲ್ಲುವುದೆಂಬುದು, ಯಾವ ಗುಡ್ಡದಲ್ಲಿ ತೋಳದ ಭಯವುಂಟೆಂಬುದು ಇಂತಹ ಜ್ಞಾನ. ನೂರಾರು ಮರಿಗಳಲ್ಲಿ ಯಾವುದು ಯಾವ ತಾಯಿಯದೆಂದು ಗುರುತಿಸುವ ಕಣ್ಣನ್ನು ಯಾವ ಪಾಠಪುಸ್ತಕವೂ ಕಲಿಸಲಾರದು.

ಕಾನೂನಿನ ದೃಷ್ಟಿಯಲ್ಲಿ ಮಾತ್ರ ಇದಕ್ಕೆ ಸ್ಥಾನ ದೊರೆಯಲಿಲ್ಲ. ೧೮೭೧ರಲ್ಲಿ ಬ್ರಿಟಿಷ್ ಭಾರತದಲ್ಲಿ ಜಾನುವಾರುಗಳ ಅತಿಕ್ರಮ ಪ್ರವೇಶದ ಕಾಯಿದೆ ಬಂದಿತು. ಬೆಳೆಗೆ ನುಗ್ಗಿದ ಪ್ರಾಣಿಯನ್ನು ದೊಡ್ಡಿಗೆ ಹಾಕುವುದನ್ನು ಆ ಕಾಯಿದೆ ವಿವರವಾಗಿ ಹೇಳಿತು. ರೈತನೇ ಆಮಂತ್ರಿಸಿ ಕರೆದ ಹಿಂಡಿನ ವಿಚಾರ ಅದರಲ್ಲಿಲ್ಲ. ಹಿಂಡು ಅಪರಾಧಿಯಾಗಿ ಕಾನೂನಿಗೆ ಪರಿಚಿತವಾಯಿತು, ಅತಿಥಿಯಾಗಿ ಆಗಲಿಲ್ಲ.

೬. ಉಣ್ಣೆ ಮತ್ತು ಕಂಬಳಿ

ಹಿಕ್ಕೆಯಂತೆ ಉಣ್ಣೆಯೂ ಹಿಂಡನ್ನು ಊರಿನೊಡನೆ ಬಂಧಿಸಿದ್ದಿತು. ವರ್ಷಕ್ಕೆ ಎರಡು ಸಲ ಕತ್ತರಿಸಿದ ಉಣ್ಣೆಯನ್ನು ಬಿಲ್ಲಿನಿಂದ ಹಿಂಜಿ, ಹೆಂಗಸರು ರಾಟೆಯಲ್ಲಿ ನೂತು, ಹಾಸಿಗೆ ಹುಣಿಸೆ ಬೀಜದ ಗಂಜಿಯನ್ನು ಹಚ್ಚಿ, ಕುಣಿಮಗ್ಗದಲ್ಲಿ ಗಂಡಸರು ನೇಯುವುದು ಕಂಬಳಿಯ ಕ್ರಮ. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕುರುಬರನ್ನೂ ಅವರ ಕಂಬಳಿಯನ್ನೂ ತನ್ನ ಪ್ರವಾಸಕಥನದಲ್ಲಿ ವರ್ಣಿಸಿದ್ದಾನೆ. ಹೊಲದಲ್ಲಿ ಮಳೆಗೆ ಕೊಪ್ಪೆಯಾಗಿಯೂ ಮನೆಯಲ್ಲಿ ಹಾಸಿಗೆಯಾಗಿಯೂ ದೇವರ ಮುಂದೆ ಗದ್ದುಗೆಯಾಗಿಯೂ ಕಂಬಳಿಯಿಲ್ಲದ ರೈತನ ಮನೆ ಇರಲಿಲ್ಲ.

ಪಾಣಿಪತ್ತಿನ ಯಂತ್ರಗಳಿಂದ ಅಗ್ಗದ ರಗ್ಗುಗಳು ಸಂತೆಗೆ ಬಂದ ಮೇಲೆ ಈ ಬೇಡಿಕೆ ಕುಸಿಯಿತು. ಉಣ್ಣೆ ಮಾರಿ ಬರುವ ಹಣ ಕತ್ತರಿಸುವ ಕೂಲಿಗೂ ಸಾಲದಾದಾಗ ಕುರಿಗಾಹಿಯು ಉಣ್ಣೆಯ ತಳಿಯನ್ನು ಬಿಟ್ಟು, ಉಣ್ಣೆಯಿಲ್ಲದೆ ಬೇಗ ಮಾಂಸ ಕಟ್ಟುವ ಎಳಗ ಮೊದಲಾದ ಕುರಿಗಳ ಕಡೆಗೆ ತಿರುಗಿದನು. ಇದು ಅವನ ಅವಿವೇಕವಲ್ಲ. ಬೆಲೆಯನ್ನು ನೋಡಿ ನಡೆದುಕೊಳ್ಳುವುದು ಎಲ್ಲ ಕಸುಬುಗಳ ಧರ್ಮ. ಆದರೆ ಇದರ ಪರಿಣಾಮವಾಗಿ ಊರಿನ ಮಗ್ಗಕ್ಕೂ ಹಿಂಡಿಗೂ ಇದ್ದ ಸಂಬಂಧ ಕಡಿಯಿತು. ನೂಲುವ ಹೆಂಗಸರ ಸಂಪಾದನೆಯೂ ಅದರೊಡನೆ ಹೋಯಿತು.

೭. ಕಾಲುವೆಯ ಬದಲಾವಣೆ

ತುಂಗಭದ್ರಾ ಅಣೆಕಟ್ಟಿಗೆ ೧೯೪೫ರಲ್ಲಿ ಶಂಕುಸ್ಥಾಪನೆಯಾಯಿತು. ೧೯೫೩ರಲ್ಲಿ ನದಿಯ ನೀರು ಕಾಲುವೆಗಳಿಗೆ ಹರಿಯತೊಡಗಿತು. ೧೯೫೬ರಲ್ಲಿ ರಾಯಚೂರು ಜಿಲ್ಲೆಯು ಹೈದರಾಬಾದು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ೨೨೭ ಕಿಲೋಮೀಟರು ಉದ್ದದ ಎಡದಂಡೆಯ ಕಾಲುವೆ ಸಿಂಧನೂರಿನ ಬಯಲಿಗೆ ನೀರನ್ನು ತಂದಿತು. ಬರವನ್ನು ತಡೆಯುವುದೇ ಈ ಯೋಜನೆಯ ಮೂಲ ಉದ್ದೇಶವಾಗಿದ್ದಿತು. ಆದುದರಿಂದ ಬಹುಪಾಲು ಭೂಮಿಗೆ ಜೋಳ, ಹತ್ತಿ, ಶೇಂಗಾ ಮುಂತಾದ ಬೆಳೆಗಳಿಗೆ ಸಾಲುವಷ್ಟು ಮಿತವಾದ ನೀರನ್ನೇ ಗೊತ್ತುಮಾಡಿ, ಭತ್ತವನ್ನು ಕೆಲವು ಕಡೆಗೆ ಮಾತ್ರ ಸೀಮಿತಗೊಳಿಸಲಾಗಿದ್ದಿತು. ಆಚರಣೆಯಲ್ಲಿ ಹಾಗಾಗಲಿಲ್ಲ. ಆಂಧ್ರದ ಕರಾವಳಿಯಿಂದ ಬಂದ ಕೃಷಿಕರು ಕ್ಯಾಂಪುಗಳೆಂಬ ಹೊಸ ಊರುಗಳನ್ನು ಕಟ್ಟಿಕೊಂಡು ಭತ್ತದ ಬೇಸಾಯವನ್ನು ವಿಸ್ತರಿಸಿದರು. ಇಲ್ಲಿಯ ರೈತರೂ ಅದನ್ನು ಅನುಸರಿಸಿದರು. ಸಿಂಧನೂರು ಭತ್ತದ ನಾಡೆಂದು ಹೆಸರಾಯಿತು.

ಕಾಲುವೆಯಿಂದ ಕುರಿಗಾಹಿಗೆ ಕೇವಲ ನಷ್ಟವಾಯಿತೆಂದು ಹೇಳುವುದು ಸರಿಯಲ್ಲ. ಬೇಸಗೆಯಲ್ಲಿ ಕುಡಿಯುವ ನೀರೂ ಕೊಯ್ದ ಗದ್ದೆಗಳ ಹಸಿರೂ ಹಿಂಡನ್ನು ದೂರದಿಂದಲೂ ಆಕರ್ಷಿಸಿದುವು. ಆದರೆ ಒಡಂಬಡಿಕೆಯ ಮೂಲ ಲೆಕ್ಕ ಬದಲಾಯಿತು. ಒಂದು ಬೆಳೆಯಾದ ಮೇಲೆ ಮತ್ತೊಂದು ಬೆಳೆ ಕೂಡಲೇ ಬರುವಲ್ಲಿ ನೆಲಕ್ಕೆ ಬಿಡುವಿಲ್ಲ. ಬಿಡುವಿಲ್ಲದ ನೆಲದಲ್ಲಿ ಹಿಂಡಿಗೆ ಎಡೆಯಿಲ್ಲ. ಚೀಲದ ಗೊಬ್ಬರ ಸುಲಭವಾಗಿ ದೊರೆತ ಮೇಲೆ ಹಿಕ್ಕೆಯ 'ಅಗತ್ಯ' ಕಡಮೆಯಾದಂತೆ ತೋರಿತು. ಔಷಧ ಸಿಂಪಡಿಸಿದ ಹೊಲದ ಮೇವು ಕುರಿಗೆ ಅಪಾಯಕರ. ಯಂತ್ರದಿಂದ ಕೊಯ್ದ ಗದ್ದೆಯ ಹುಲ್ಲಿಗೆ ಬೆಂಕಿಯಿಟ್ಟರೆ ಮೇವೂ ಹೋಗುತ್ತದೆ, ಮಣ್ಣಿನ ಸಾರವೂ ಹೋಗುತ್ತದೆ. ಹೀಗೆ ಕೂಳೆ ಮತ್ತು ಹಿಕ್ಕೆ ಎಂಬ ಎರಡು ಕೊಡುಗೆಗಳೂ ತಮ್ಮ ಬೆಲೆಯನ್ನು ಕಳೆದುಕೊಳ್ಳತೊಡಗಿದುವು.

ಇದರೊಡನೆ ಮಳೆಗಾಲದ ಆಶ್ರಯವೂ ಕುಗ್ಗಿತು. ನಮ್ಮ ಭಾಗದಲ್ಲಿ ಗಾಯರಾಣವೆಂದೂ ಹಳೆಯ ಮೈಸೂರಿನಲ್ಲಿ ಗೋಮಾಳವೆಂದೂ ಕರೆಯುವ ಮೇವಿನ ಭೂಮಿಗೆ ಕಾನೂನಿನ ರಕ್ಷಣೆಯುಂಟು. ೧೯೬೪ರ ಭೂಕಂದಾಯ ಕಾಯಿದೆಯಲ್ಲಿ ಗ್ರಾಮದ ಜಾನುವಾರುಗಳ ಮೇವಿಗಾಗಿ ಸರ್ಕಾರಿ ಜಮೀನನ್ನು ಕಾದಿರಿಸಲು ಅವಕಾಶವಿದೆ. ೧೯೬೬ರ ನಿಯಮಗಳು ೧೦೦ ಜಾನುವಾರುಗಳಿಗೆ ೩೦ ಎಕರೆಯೆಂಬ ಪ್ರಮಾಣವನ್ನು ಹೇಳುತ್ತವೆ. ಆದರೆ ಈ ಲೆಕ್ಕವೆಲ್ಲ ಆಯಾ ಗ್ರಾಮದಲ್ಲಿಯೇ ನಿಂತಿರುವ ಜಾನುವಾರುಗಳದು. ಹತ್ತಾರು ಗ್ರಾಮಗಳನ್ನು ದಾಟಿ ಬರುವ ಹಿಂಡು ಯಾವ ಗ್ರಾಮದ ಲೆಕ್ಕಕ್ಕೂ ಸೇರುವುದಿಲ್ಲ. ನಿವೇಶನ, ಸಾಗುವಳಿ, ಕಟ್ಟಡಗಳಿಗೆ ಗಾಯರಾಣ ಹಂಚಿಹೋದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕೂ ಹೊರಗಿನಿಂದ ಬಂದವನಿಗೆ ಇರುವುದಿಲ್ಲ.

೮. ದಾರಿಯ ಹಕ್ಕು: ಸ್ಪೇಯಿನಿನ ಉದಾಹರಣೆ

ಹೊರಗಿನ ಒಂದು ಉದಾಹರಣೆಯಿಂದ ಈ ಪ್ರಶ್ನೆ ಸ್ಪಷ್ಟವಾಗುತ್ತದೆ. ಸ್ಪೇಯಿನ್ ದೇಶದಲ್ಲಿ ಕುರಿಗಾಹಿಗಳ ಸಂಘವಾದ ಮೆಸ್ತಾಕ್ಕೆ ೧೨೭೩ರಲ್ಲಿ ಹತ್ತನೆಯ ಅಲ್ಫಾನ್ಸೊ ರಾಜನು ಮಾನ್ಯತೆಯನ್ನು ಕೊಟ್ಟನು. ಉತ್ತರದ ಬೆಟ್ಟಗಳಿಂದ ದಕ್ಷಿಣದ ಬಯಲಿಗೆ ಹೋಗುವ ರಾಜಮಾರ್ಗಗಳು ಹಿಂಡಿಗಾಗಿಯೇ ಮೀಸಲಾದುವು. ಮೆಸ್ತಾ ಬಲಿಷ್ಠವಾಗಿ ರೈತರಿಗೆ ಕಂಟಕವಾದುದೂ ಉಂಟು. ೧೮೩೬ರಲ್ಲಿ ಅದು ರದ್ದಾಯಿತು. ಆದರೆ ದಾರಿಗಳು ರದ್ದಾಗಲಿಲ್ಲ. ೧೯೯೫ರಲ್ಲಿ ಸ್ಪೇಯಿನ್ ಹಿಂಡಿನ ದಾರಿಗಳ ಬಗೆಗೆ ಪ್ರತ್ಯೇಕ ಕಾಯಿದೆಯನ್ನು ಮಾಡಿ, ಅವು ಪರಭಾರೆ ಮಾಡಲಾಗದ ಸಾರ್ವಜನಿಕ ಆಸ್ತಿಯೆಂದು ಸಾರಿತು. ಅವುಗಳಲ್ಲಿ ಅತಿ ದೊಡ್ಡ ದಾರಿಗಳ ಅಗಲ ೭೫ ಮೀಟರಿನವರೆಗೆ ಇರಬಹುದು.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಹೊಲದವರ ಒಪ್ಪಿಗೆಯಿಲ್ಲದೆ ಹಿಂಡಿಗೆ ಅಧಿಕಾರ ಕೊಟ್ಟರೆ ಅದು ಬಹುಕಾಲ ನಿಲ್ಲಲಾರದು. ದಾರಿಯನ್ನು ಒಮ್ಮೆ ದಾಖಲೆಗೆ ತಂದರೆ ಸಂಸ್ಥೆ ಅಳಿದರೂ ಅದು ಉಳಿಯಬಹುದು. ದಖ್ಖನಿನಲ್ಲಿ ರಾಜಮಾರ್ಗಗಳ ಅಗತ್ಯ ಅಷ್ಟಾಗಿ ಇಲ್ಲ. ಇಲ್ಲಿಯ ದಾರಿ ಹೊಲದಿಂದ ಹೊಲಕ್ಕೆ ಹೋಗುವುದು. ಆದರೆ ತಂಗುವ ಸ್ಥಳ, ನೀರಿನ ಸ್ಥಳ, ಹಳ್ಳದ ದಂಡೆ, ಗುಡ್ಡಕ್ಕೆ ಏರುವ ದಾರಿ ಇವುಗಳನ್ನು ಗ್ರಾಮ ನಕಾಶೆಯಲ್ಲಿ ಗುರುತಿಸದಿದ್ದರೆ ಅವು ಇದ್ದುವೆಂಬುದಕ್ಕೆ ಮುಂದೆ ಸಾಕ್ಷಿಯೇ ಇಲ್ಲದಂತಾಗುವುದು.

೯. ಉಪಸಂಹಾರ

ಕುರಿಗಾಹಿಕೆಯನ್ನು ಉಳಿಸಬೇಕೆಂಬ ಮಾತು ಇತ್ತೀಚೆಗೆ ಅಧಿಕೃತವಾಗಿಯೂ ಕೇಳಿಬರುತ್ತಿದೆ. ಸಂಯುಕ್ತ ರಾಷ್ಟ್ರಸಂಸ್ಥೆಯು ೨೦೨೬ನೆಯ ವರ್ಷವನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಕರ್ನಾಟಕದಲ್ಲಿ ಸಂಚಾರಿ ಕುರಿಗಾಹಿಗಳ ಹಿತರಕ್ಷಣೆ ಮತ್ತು ಅವರ ಮೇಲಿನ ದೌರ್ಜನ್ಯದ ತಡೆಗಾಗಿ ೨೦೨೫ರಲ್ಲಿ ಒಂದು ವಿಧೇಯಕ ವಿಧಾನಸಭೆಯ ಮುಂದೆ ಬಂದಿತು. ಸತ್ತ ಕುರಿಗೆ ಪರಿಹಾರ ಕೊಡುವ ಯೋಜನೆಯೂ ರಾಜ್ಯದಲ್ಲಿದೆ. ಇವೆಲ್ಲ ಒಳ್ಳೆಯವೇ. ಆದರೆ ಇವು ಕುರಿಗಾಹಿಯನ್ನು ಅಥವಾ ಕುರಿಯನ್ನು ರಕ್ಷಿಸುತ್ತವೆಯೇ ಹೊರತು ಹೊಲಕ್ಕೂ ಹಿಂಡಿಗೂ ಇರುವ ಸಂಬಂಧವನ್ನು ತಾವಾಗಿಯೇ ಕಟ್ಟಿಕೊಡಲಾರವು.

ನಮ್ಮ ವಿವೇಚನೆಯಿಂದ ಹೊರಡುವ ನಿರ್ಣಯ ಇಷ್ಟು. ಈ ಕಸುಬು ಯುದ್ಧವನ್ನೂ ಬರವನ್ನೂ ರಾಜ್ಯಗಳ ಬದಲಾವಣೆಯನ್ನೂ ದಾಟಿ ಬಂದುದಕ್ಕೆ ರೈತನಿಗೆ ಹಿಂಡು ಬೇಕಾಗಿದ್ದುದೇ ಮುಖ್ಯ ಕಾರಣ. ಇಂದಿಗೂ ಆ ಅಗತ್ಯ ಮುಗಿದಿಲ್ಲ. ನೀರು ಕಟ್ಟಿ ಕಟ್ಟಿ ಸವಳಾದ ಭೂಮಿಯೂ ರಾಸಾಯನಿಕದಿಂದ ಸಾರ ಕುಂದಿದ ಮಣ್ಣೂ ಸಾವಯವ ಗೊಬ್ಬರವನ್ನು ಬೇಡುತ್ತಿವೆ. ಕುರಿ ತರುಬುವುದನ್ನು ಭಿಕ್ಷೆಯಂತೆ ಕಾಣದೆ ವ್ಯವಸಾಯಕ್ಕೆ ಸಲ್ಲಿಸಿದ ಸೇವೆಯೆಂದು ಎಣಿಸಿ, ರೈತರಿಗೆ ಗೊಬ್ಬರಕ್ಕೆ ಕೊಡುವ ಸಹಾಯದಲ್ಲಿ ಅದಕ್ಕೂ ಪಾಲು ಕೊಟ್ಟರೆ ಒಡಂಬಡಿಕೆಗೆ ಮತ್ತೆ ಬಲ ಬರುವುದು. ಕರುಳುಬೇನೆ, ನೀಲಿನಾಲಿಗೆ ರೋಗಗಳಿಗೆ ಲಸಿಕೆಯನ್ನು ಕುರಿಗಾಹಿಯ ಮನೆಯಿರುವ ಊರಿನಲ್ಲಿ ಮಾತ್ರವಲ್ಲದೆ ಹಿಂಡು ಇರುವ ಊರಿನಲ್ಲಿಯೂ ಹಾಕಬೇಕು. ಮಕ್ಕಳ ಶಾಲೆಯ ವಿಷಯದಲ್ಲಿಯೂ ಇದೇ ತತ್ತ್ವ ಸಲ್ಲುತ್ತದೆ. ಹಿಂಡಿನೊಡನೆ ಹೋದ ಮಗು ಹಾಜರಿ ಪುಸ್ತಕದಿಂದ ಬಿಟ್ಟುಹೋಗಬಾರದು.

ಇನ್ನು ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸವೊಂದಿದೆ. ಈ ಒಡಂಬಡಿಕೆಗೆ ಪತ್ರಗಳಿಲ್ಲವೆಂದು ಮೇಲೆ ಹೇಳಿದೆವು. ಆದುದರಿಂದ ಇದರ ಇತಿಹಾಸ ಕಡತಗಳಲ್ಲಿ ದೊರೆಯುವುದಿಲ್ಲ, ಹಿರಿಯರ ನೆನಪಿನಲ್ಲಿ ಮಾತ್ರ ಇದೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಾಲೇಜುಗಳ ತರಗತಿಗಳಲ್ಲಿ ಇಂತಹ ಮನೆತನಗಳಿಂದ ಬಂದ ತರುಣರಿದ್ದಾರೆ. ಅಜ್ಜನ ಹಿಂಡು ಯಾವ ತಿಂಗಳಲ್ಲಿ ಯಾವ ಊರಿನಲ್ಲಿ ನಿಲ್ಲುತ್ತಿದ್ದಿತು, ಯಾರ ಹೊಲದಲ್ಲಿ ಎಷ್ಟು ರಾತ್ರಿ, ಎಷ್ಟು ಜೋಳಕ್ಕೆ, ಯಾವ ಬಾವಿಯ ನೀರು ಎಂಬಿಷ್ಟನ್ನು ಒಬ್ಬೊಬ್ಬ ವಿದ್ಯಾರ್ಥಿಯು ತನ್ನ ಮನೆಯಲ್ಲಿ ಕೇಳಿ ಬರೆದು, ಗ್ರಾಮ ನಕಾಶೆಯ ಮೇಲೆ ಗುರುತಿಸಿದರೆ ಕೆಲವೇ ವರ್ಷಗಳಲ್ಲಿ ಎಡೆದೊರೆ ನಾಡಿನ ಹಿಂಡಿನ ದಾರಿಗಳ ನಕ್ಷೆ ಸಿದ್ಧವಾಗುವುದು. ಗಾಯರಾಣದ ವ್ಯಾಜ್ಯದಲ್ಲಿ ಅದು ಸಾಕ್ಷ್ಯವಾಗಬಲ್ಲುದು. ಕಾಯಿದೆ ಮಾಡುವವರಿಗೆ ಆಧಾರವಾಗಬಲ್ಲುದು. ನೆನಪಿರುವವರು ಇರುವಾಗಲೇ ಈ ಕೆಲಸ ನಡೆಯಬೇಕು. ಬೂದಿದಿಬ್ಬಗಳನ್ನು ಅಗೆದು ಗೊರಸಿನ ಗುರುತುಗಳನ್ನು ಹುಡುಕಿದ ವಿದ್ವಾಂಸರಿಗೆ ಕೇಳಲು ಯಾರೂ ಉಳಿದಿರಲಿಲ್ಲ. ನಮಗೆ ಕೇಳಲು ಇನ್ನೂ ಜನರಿದ್ದಾರೆ.